ಒಮ್ಮತ ಎಲ್ಲಿ, ಭಿನ್ನಮತ ಎಲ್ಲಿ: ಈರಿ ಸರೋವರದ ಕೃಷಿಮೂಲ ಮಾಲಿನ್ಯ ಮತ್ತು ಬಹುಮಾದರಿ ವಿಧಾನ

2014ರ ಆಗಸ್ಟ್ 2ರಂದು ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ನಗರದಲ್ಲಿ ನಲ್ಲಿನೀರು ಕುಡಿಯಕೂಡದು, ಕುದಿಸಿಯೂ ಕುಡಿಯಕೂಡದು ಎಂಬ ಆದೇಶ ಹೊರಟಿತು. ನೀರಿನಲ್ಲಿ ಮೈಕ್ರೊಸಿಸ್ಟಿನ್ ಎಂಬ, ಯಕೃತ್ತಿಗೆ ಮಾರಕವಾದ ವಿಷ ಕಂಡುಬಂದಿತ್ತು. ಕುದಿಸಿದರೆ ನೀರು ಆವಿಯಾಗಿ ವಿಷದ ಸಾಂದ್ರತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಎರಡು ಮೂರು ದಿನ ಬಾಟಲಿ ನೀರನ್ನೇ ನೆಚ್ಚಿಕೊಳ್ಳಬೇಕಾಯಿತು. ವಿಷವನ್ನು ಹೊರಸೂಸಿದ್ದು ಈರಿ ಸರೋವರದ ಪಶ್ಚಿಮ ಭಾಗದಲ್ಲಿ ಹಬ್ಬಿದ್ದ ನೀಲಿಹಸಿರು ಪಾಚಿ. ಆ ಪಾಚಿಯನ್ನು ಪೋಷಿಸುವುದು ರಂಜಕ. ಆ ರಂಜಕದ ದೊಡ್ಡ ಪಾಲು ಬರುವುದು ಮೌಮೀ ನದಿಯ ಜಲಾನಯನದ ಮೆಕ್ಕೆಜೋಳ, ಸೋಯಾಬೀನ್ ಹೊಲಗಳಿಂದ. ಸರೋವರ ಸೇರುವ ನೀರಿನ ಬಹುಭಾಗ ಡೆಟ್ರಾಯಿಟ್ ನದಿಯದು. ಮೌಮೀಯ ಪಾಲು ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ. ಆದರೆ ಪಾಚಿ ಏಳುವುದೋ ಬಿಡುವುದೋ ಎಂಬುದು ನಿರ್ಧಾರವಾಗುವುದು ಮಾರ್ಚಿನಿಂದ ಜುಲೈವರೆಗೆ ಈ ಸಣ್ಣ ನದಿ ಹೊತ್ತು ತರುವ ರಂಜಕದಿಂದ. ಇಷ್ಟರಮಟ್ಟಿಗೆ ವಿಜ್ಞಾನಿಗಳಲ್ಲಿ ಗಂಭೀರವಾದ ವಿವಾದವಿಲ್ಲ. ಎಷ್ಟು ಕಡಿಮೆಯಾಗಬೇಕು, ಅದಕ್ಕೆ ಯಾರು ಯಾವ ಹೊಲದಲ್ಲಿ ಏನು ಮಾಡಬೇಕು ಎಂಬಲ್ಲಿ ವಿವಾದ ಆರಂಭವಾಗುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಮೆರಿಕ ಮತ್ತು ಕೆನಡಾ ಸರ್ಕಾರಗಳು ಒಂದೇ ಗಣಿತ ಮಾದರಿಯನ್ನು ನಂಬಿ ಕೂರಲಿಲ್ಲ. ಬೇರೆಬೇರೆ ತಂಡಗಳು ಕಟ್ಟಿದ ಹಲವು ಮಾದರಿಗಳಿಗೆ ಒಂದೇ ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಒಟ್ಟಿಗಿಟ್ಟು ನೋಡುವ ದಾರಿ ಹಿಡಿದವು. ಈ ಬಹುಮಾದರಿ ವಿಧಾನವನ್ನು ಸಾಮಾನ್ಯವಾಗಿ ಸಮರ್ಥಿಸುವ ರೀತಿ ಒಂದಿದೆ: ಹಲವರ ಸರಾಸರಿ ಒಬ್ಬರ ಅಂದಾಜಿಗಿಂತ ನಿಖರ, ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂಬುದು. ಹವಾಮಾನ ಮುನ್ಸೂಚನೆಯಲ್ಲಿ ಈ ಸಮರ್ಥನೆ ಬಹುಮಟ್ಟಿಗೆ ಸರಿ. ಕೃಷಿಮೂಲದ ನೀರಿನ ಮಾಲಿನ್ಯದ ವಿಷಯದಲ್ಲಿ ಅದು ವಿಧಾನದ ಅತಿ ಸಣ್ಣ ಲಾಭ ಎಂಬುದು ಈ ಲೇಖನದ ವಾದ. ಯಾವ ಪ್ರಶ್ನೆಗೆ ವಿಜ್ಞಾನದ ಬಳಿ ಉತ್ತರವಿದೆ, ಯಾವುದಕ್ಕೆ ಇಲ್ಲ ಎಂಬ ಗೆರೆಯನ್ನು ಮಾದರಿಗಳ ಒಮ್ಮತ ಮತ್ತು ಭಿನ್ನಮತಗಳು ಎಳೆದು ತೋರಿಸುತ್ತವೆ. ನೀತಿಗೆ ಬೇಕಾದದ್ದು ಆ ಗೆರೆ. ಈರಿಯಲ್ಲಿ ಮಾದರಿಗಳು ಅದನ್ನು ಸಾಕಷ್ಟು ಸ್ಪಷ್ಟವಾಗಿಯೇ ಎಳೆದವು. ನೀತಿ ನಿರೂಪಕರು ಅದರಲ್ಲಿ ತಮಗೆ ಅನುಕೂಲವಾದ ಒಂದು ಅಂಕಿಯನ್ನು ಎತ್ತಿಕೊಂಡು ಉಳಿದುದನ್ನು ಬಿಟ್ಟರು.

ಮಾದರಿಗಳನ್ನು ಒಟ್ಟುಗೂಡಿಸುವುದು ಈ ಸರೋವರಕ್ಕೆ ಹೊಸತಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ಈರಿ ಸತ್ತೇಹೋಯಿತು ಎಂದು ಪತ್ರಿಕೆಗಳು ಬರೆಯುತ್ತಿದ್ದವು. ವರ್ಷಕ್ಕೆ 25 ಸಾವಿರ ಟನ್ನಿಗೂ ಹೆಚ್ಚು ರಂಜಕ ಅದರೊಳಗೆ ಹರಿದುಬರುತ್ತಿತ್ತು. 1972ರಲ್ಲಿ ಎರಡು ದೇಶಗಳು ಮಹಾಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದವು. 1978ರ ಪರಿಷ್ಕರಣೆಗೆ ಮೊದಲು ವೊಲ್ಲೆನ್‌ವೈಡರ್, ಚಾಪ್ರಾ, ಡಿ ಟೊರೊ, ಬಿಯರ್‌ಮನ್ ಮುಂತಾದವರ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಪರಿಶೀಲಿಸಲಾಯಿತು. ಕೆಲವು ಮಾದರಿಗಳು ನಾಲ್ಕಾರು ಸಾಲಿನ ಸಮೀಕರಣಗಳಾಗಿದ್ದರೆ ಕೆಲವು ಪಾಚಿಯ ಬಗೆಗಳನ್ನೂ ಎಣಿಸುವಷ್ಟು ಸೂಕ್ಷ್ಮವಾಗಿದ್ದವು. ಅವುಗಳ ಉತ್ತರಗಳು ಹತ್ತಿರ ಹತ್ತಿರ ಬಂದದ್ದರಿಂದ ವರ್ಷಕ್ಕೆ 11,000 ಟನ್ ಎಂಬ ಗುರಿ ನಿಗದಿಯಾಯಿತು. 1980ರ ದಶಕದಲ್ಲಿ ಗುರಿ ಕೈಗೂಡಿತು, ಸರೋವರ ಚೇತರಿಸಿಕೊಂಡಿತು. ಪರಿಸರ ನೀತಿಯ ಚರಿತ್ರೆಯಲ್ಲಿ ಇಂಥ ಗೆಲುವುಗಳು ಹೆಚ್ಚಿಲ್ಲ.

ಆ ಗೆಲುವಿನ ಕಾರಣವನ್ನು ಸರಿಯಾಗಿ ಗುರುತಿಸಬೇಕು. ಅಂದಿನ ರಂಜಕದ ಬಹುಪಾಲು ನಗರಗಳ ಒಳಚರಂಡಿಯಿಂದ ಬರುತ್ತಿತ್ತು. ನಮ್ಮ ಬೆಳ್ಳಂದೂರು ಕೆರೆಯ ನೊರೆಯ ಹಾಗೆ ಅದಕ್ಕೆ ಕೊಳವೆಯ ಬಾಯಿಯಿತ್ತು, ಆ ಬಾಯಿಗೊಬ್ಬ ಹೊಣೆಗಾರನಿದ್ದ. ದೊಡ್ಡ ಶುದ್ಧೀಕರಣ ಘಟಕಗಳಿಂದ ಹೊರಬೀಳುವ ನೀರಿನಲ್ಲಿ ರಂಜಕ ಲೀಟರಿಗೆ 1 ಮಿಲಿಗ್ರಾಂ ಮೀರಕೂಡದು ಎಂಬ ನಿಯಮ, ಬಟ್ಟೆ ಸೋಪಿನ ಪುಡಿಯಲ್ಲಿನ ಫಾಸ್ಫೇಟಿಗೆ ಕಡಿವಾಣ, ಘಟಕ ಕಟ್ಟಲು ಸರ್ಕಾರಿ ಹಣ: ಇಷ್ಟರಲ್ಲಿ ಕೆಲಸದ ಬಹುಭಾಗ ಮುಗಿಯಿತು. ಇಂತಿಷ್ಟು ಟನ್ ಎಂದು ಹೇಳಿದರೆ ಸಾಕಿತ್ತು. ಆ ಅಂಕಿಯನ್ನು ಪ್ರತಿ ಘಟಕದ ಪರವಾನಗಿಗೆ ಹಂಚಿಹಾಕಬಹುದಿತ್ತು. ಅಲ್ಲಿ ಅಂಕಿಯೇ ಆದೇಶ. ಹೊಲದಿಂದ ಬರುವ ರಂಜಕದಲ್ಲಿ ಈ ಅನುಕೂಲವಿಲ್ಲ. 1972ರ ಅಮೆರಿಕದ ಶುದ್ಧ ಜಲ ಕಾಯ್ದೆ ಹೊಲದ ಮಳೆನೀರಿನ ಹರಿವನ್ನು ಪರವಾನಗಿಯ ವ್ಯಾಪ್ತಿಗೆ ತಂದಿಲ್ಲ. ಸಾವಿರಾರು ರೈತರ ನಡುವೆ ಇಂತಿಷ್ಟು ಇಳಿಕೆ ಎಂಬ ಅಂಕಿಯನ್ನು ಹೇಗೆ ಹಂಚುವುದು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಆದ್ದರಿಂದ ಮಾದರಿಯೇ ಆ ಕೆಲಸವನ್ನೂ ಮಾಡಬೇಕಾಗುತ್ತದೆ. ಹಳೆಯ ಗೆಲುವಿನ ನೆನಪಿನಲ್ಲಿ ಹೊಸ ಸಮಸ್ಯೆಗೂ ಅಂಕಿ ಸಾಕು ಎಂದುಕೊಂಡದ್ದೇ ಮುಂದಿನ ತೊಡಕಿನ ಮೂಲ ಎಂದು ನನಗೆ ಅನ್ನಿಸುತ್ತದೆ.

1990ರ ದಶಕದ ನಡುವಿನಿಂದ ಪಾಚಿ ಮರಳಿ ಬರತೊಡಗಿತು. ಆಶ್ಚರ್ಯವೆಂದರೆ ಒಟ್ಟು ರಂಜಕದ ಪ್ರಮಾಣ ಗಮನಾರ್ಹವಾಗಿ ಏರಿರಲಿಲ್ಲ. ಒಹಾಯೊದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು 1975ರಿಂದ ಮೌಮೀಯ ವಾಟರ್‌ವಿಲ್ ಎಂಬಲ್ಲಿ ನೀರಿನ ಮಾದರಿ ತೆಗೆಯುತ್ತ ಬಂದಿದ್ದರು; ಆ ದೀರ್ಘ ದಾಖಲೆಯಿಲ್ಲದಿದ್ದರೆ ನಡೆದದ್ದೇನೆಂದು ತಿಳಿಯುತ್ತಲೇ ಇರಲಿಲ್ಲ. ಮಣ್ಣಿನ ಕಣಗಳಿಗೆ ಅಂಟಿಕೊಂಡು ಬರುವ ರಂಜಕ ಏರಿರಲಿಲ್ಲ. ನೀರಿನಲ್ಲಿ ಕರಗಿ ಬರುವ ರಂಜಕ ಏರಿತ್ತು. ಪಾಚಿಗೆ ಈ ಎರಡನೆಯದು ಕಲಸಿಟ್ಟ ತುತ್ತು, ಪೂರ್ತಿ ದಕ್ಕುತ್ತದೆ. ಮಣ್ಣಿಗಂಟಿದ್ದರಲ್ಲಿ ಸ್ವಲ್ಪ ಭಾಗ ಮಾತ್ರ ದಕ್ಕುತ್ತದೆ.

ಕರಗಿದ ರಂಜಕ ಏಕೆ ಏರಿತು ಎಂಬುದನ್ನು ಒಂದು ಹೊಲದ ಮಟ್ಟಕ್ಕೆ ಇಳಿದು ನೋಡಬೇಕು. ಮೌಮೀ ಬಯಲು ಹತ್ತೊಂಬತ್ತನೆಯ ಶತಮಾನದವರೆಗೆ ಮಹಾ ಕಪ್ಪು ಜೌಗು ಎಂದು ಹೆಸರಾದ ಕೆಸರುನೆಲ. ಚಪ್ಪಟೆ ನೆಲ, ನೀರು ಇಂಗದ ಜೇಡಿ. ಅಡಿಯಲ್ಲಿ ಬಸಿಕೊಳವೆಗಳನ್ನು ಹೂತು ನೀರನ್ನು ಹೊರಗೆಳೆದಮೇಲಷ್ಟೇ ಅದು ಉತ್ತುಬಿತ್ತುವ ನೆಲವಾಯಿತು. ಮಣ್ಣಿನ ಸವಕಳಿ ತಡೆಯಲು 1980–90ರ ದಶಕಗಳಲ್ಲಿ ಅಲ್ಲಿ ಉಳುಮೆರಹಿತ ಬೇಸಾಯವನ್ನು ಸರ್ಕಾರವೇ ಮುಂದೆ ನಿಂತು ಹಬ್ಬಿಸಿತು. ಉಳದ ನೆಲದ ಮೇಲೆ ಎರಚಿದ ಗೊಬ್ಬರ ಕೆಳಗಿಳಿಯದೆ ಮೇಲಿನ ಒಂದೆರಡು ಅಂಗುಲದಲ್ಲೇ ಶೇಖರವಾಗುತ್ತ ಹೋಗುತ್ತದೆ. ನೇಗಿಲು ಮುಟ್ಟದ ಮಣ್ಣಿನಲ್ಲಿ ಎರೆಹುಳುವಿನ ಬಿಲಗಳು, ಒಣಗಿದ ಜೇಡಿಯ ಬಿರುಕುಗಳು ಹಾಗೆಯೇ ಉಳಿಯುತ್ತವೆ. ವಸಂತದಲ್ಲಿ ಜೋರು ಮಳೆ ಬಂದರೆ ಮೇಲ್ಪದರದ ರಂಜಕ ಕರಗಿ, ಆ ಬಿಲ ಬಿರುಕುಗಳ ಮೂಲಕ ನೇರವಾಗಿ ಬಸಿಕೊಳವೆಗೆ, ಅಲ್ಲಿಂದ ಹಳ್ಳಕ್ಕೆ, ನದಿಗೆ ಇಳಿಯುತ್ತದೆ. ಮೌಮೀ ಜಲಾನಯನದ ಹೊಲಗಳಲ್ಲಿ ಅಳೆದ ಅಧ್ಯಯನವೊಂದರಲ್ಲಿ ಕರಗಿದ ರಂಜಕದ ಸುಮಾರು ಅರ್ಧದಷ್ಟು ಬಸಿಕೊಳವೆಗಳ ಮೂಲಕವೇ ಹೋಗುತ್ತಿತ್ತು. ಮಣ್ಣನ್ನು ಉಳಿಸಿದ ಪದ್ಧತಿಯೇ ಕರಗಿದ ರಂಜಕವನ್ನು ಹೊರಹಾಕುವುದರಲ್ಲಿ ಕೈಜೋಡಿಸಿತೆಂದು ಸಂಶೋಧಕರು ಈಗ ಬಲವಾಗಿ ಶಂಕಿಸುತ್ತಾರೆ. ಮಳೆಯೂ ಹೆಚ್ಚಿತ್ತು ಎಂಬುದನ್ನು ಮರೆಯಬಾರದು. 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಏರಿಕೆಯ ಸುಮಾರು ಮೂರನೆಯ ಒಂದು ಭಾಗವನ್ನು ಹೆಚ್ಚಿದ ಹರಿವಿಗೂ ಉಳಿದದ್ದನ್ನು ಹೊಲದಿಂದ ಹೆಚ್ಚಾಗಿ ಹೊರಬಿದ್ದ ರಂಜಕಕ್ಕೂ ಸಲ್ಲಿಸಿತು. ಇಲ್ಲಿ ನನ್ನ ವಾದಕ್ಕೆ ಬೇಕಾದ ಅಂಶ ಇಷ್ಟು: ರಂಜಕ ಎಂದರೆ ಮಣ್ಣಿನ ಜೊತೆ ಹೋಗುವ ವಸ್ತು ಎಂಬ ಒಂದೇ ಗ್ರಹಿಕೆ, ಅಂದರೆ ಒಂದೇ ಮಾದರಿ, ಒಂದು ಇಡೀ ತಲೆಮಾರಿನ ಸಲಹೆಗಳನ್ನು ಆಳಿತು. ಭಿನ್ನಮತ ಹೇಳುವ ಇನ್ನೊಂದು ಮಾದರಿ ಮೇಜಿನ ಮೇಲೆ ಇದ್ದಿದ್ದರೆ ಪ್ರಶ್ನೆಯಾದರೂ ಮೊದಲೇ ಏಳುತ್ತಿತ್ತು.

2012ರಲ್ಲಿ ಒಪ್ಪಂದವನ್ನು ನವೀಕರಿಸಿದಾಗ ಸರೋವರದ ಗುರಿಗಳನ್ನು ಹೊಸದಾಗಿ ನಿಗದಿಮಾಡುವ ಕೆಲಸ ಬಂತು. ಒಂಬತ್ತು ಮಾದರಿಗಳನ್ನು ಈ ಕೆಲಸಕ್ಕೆ ಹಚ್ಚಲಾಯಿತು. ಕೆಲವು ಕೇವಲ ಅಂಕಿಅಂಶದ ಸಂಬಂಧಗಳು: ಇಷ್ಟು ರಂಜಕಕ್ಕೆ ಇಷ್ಟು ಪಾಚಿ. ಕೆಲವು ಸರೋವರದ ಅಲೆ, ಉಷ್ಣತೆ, ಬೆಳಕನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವ ಮೂರು ಆಯಾಮದ ರಚನೆಗಳು. ಮಣ್ಣಿಗಂಟಿದ ರಂಜಕದಲ್ಲಿ ಪಾಚಿಗೆ ಎಷ್ಟು ದಕ್ಕುತ್ತದೆ ಎಂಬಲ್ಲಿ ಅವು ಒಂದೇ ಮಾತು ಹೇಳಲಿಲ್ಲ. ಹಾಗಿದ್ದರೂ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಪಾಚಿ 2004 ಅಥವಾ 2012ರ ಸೌಮ್ಯ ಮಟ್ಟ ಮೀರದಿರಬೇಕಾದರೆ ಎಷ್ಟು ಇಳಿಸಬೇಕು ಎಂಬ ಪ್ರಶ್ನೆಗೆ ಅವುಗಳ ಉತ್ತರಗಳು ಒಂದೇ ಸುತ್ತಿನಲ್ಲಿ ನಿಂತವು. 2008ರ ಮಟ್ಟಕ್ಕಿಂತ ಶೇ. 40 ಇಳಿಕೆ, ಮೌಮೀಯಿಂದ ಮಾರ್ಚ್–ಜುಲೈ ಅವಧಿಯಲ್ಲಿ ಒಟ್ಟು ರಂಜಕ 860 ಟನ್, ಕರಗಿದ ರಂಜಕ 186 ಟನ್ ಮೀರಬಾರದು. ಸರೋವರದ ಮಧ್ಯಭಾಗದ ತಳದಲ್ಲಿ ಆಮ್ಲಜನಕ ಬತ್ತುವುದನ್ನು ತಡೆಯಲು ಪಶ್ಚಿಮ ಮತ್ತು ಮಧ್ಯ ಭಾಗಗಳಿಗೆ ಸೇರಿ ವರ್ಷಕ್ಕೆ 6,000 ಟನ್. 2016ರ ಫೆಬ್ರವರಿಯಲ್ಲಿ ಎರಡೂ ದೇಶಗಳು ಇದನ್ನು ಅಂಗೀಕರಿಸಿದವು. ಪೂರ್ವಭಾಗದ ದಂಡೆಗಳಲ್ಲಿ ಬೆಳೆಯುವ ಕ್ಲಾಡೊಫೊರಾ ಎಂಬ ಎಳೆಪಾಚಿಗೆ ಮಾತ್ರ ಗುರಿ ನಿಗದಿಯಾಗಲಿಲ್ಲ. ಅದಕ್ಕೆ ಆಧಾರ ಸಾಲದು ಎಂದು ಪರಿಣತರೇ ಹೇಳಿದರು. ಇದು ಬರಿಯ ಟಿಪ್ಪಣಿಯಲ್ಲ. ಉತ್ತರವಿಲ್ಲದ ಕಡೆ ಉತ್ತರ ಕೊಡದಿರುವ ಶಿಸ್ತು ಈ ವಿಧಾನದ ಒಳಗೇ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸರೋವರದ ಮಾದರಿಗಳು ಎಷ್ಟು ಎಂದು ಹೇಳಿದವು. ಹೇಗೆ ಎಂದು ಹೇಳಬೇಕಾದದ್ದು ಜಲಾನಯನದ ಮಾದರಿಗಳು. ಮಿಷಿಗನ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಕೇವಿಯಾ ಅವರ ನೇತೃತ್ವದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐದು ಪ್ರತ್ಯೇಕ ಮಾದರಿಗಳನ್ನು ಮೌಮೀಗೆ ಹೊಂದಿಸಲಾಯಿತು. ಐದೂ ಸ್ವಾಟ್ ಎಂಬ ಒಂದೇ ತಂತ್ರಾಂಶದ ರೂಪಗಳು. ಅಮೆರಿಕದ ಕೃಷಿ ಇಲಾಖೆಯ ಜೆಫ್ ಆರ್ನಾಲ್ಡ್ ಮತ್ತು ಸಂಗಡಿಗರು ಟೆಕ್ಸಾಸ್‌ನಲ್ಲಿ ರೂಪಿಸಿದ ಈ ತಂತ್ರಾಂಶ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ದೆಹಲಿಯ ಐಐಟಿಯ ಸಂಶೋಧಕರು ಕೃಷ್ಣಾ, ಕಾವೇರಿಯೂ ಸೇರಿದಂತೆ ನಮ್ಮ ನದಿಗಳ ಮೇಲೆ ಹವಾಮಾನ ಬದಲಾವಣೆಯ ಪರಿಣಾಮವನ್ನು ಅಂದಾಜಿಸಿದ್ದೂ ಇದರಿಂದಲೇ. ಅಧ್ಯಯನದ ತೀರ್ಮಾನವನ್ನು ಗಮನವಿಟ್ಟು ಓದಬೇಕು. ಗುರಿ ಮುಟ್ಟುವ ದಾರಿ ಒಂದೇ ಅಲ್ಲ, ಹಲವಿವೆ. ಆದರೆ ಯಾವ ದಾರಿ ಹಿಡಿದರೂ ಒಂದಕ್ಕಿಂತ ಹೆಚ್ಚು ಪದ್ಧತಿಗಳು ಜಲಾನಯನದ ಉದ್ದಗಲಕ್ಕೂ ಜಾರಿಗೆ ಬರಬೇಕು. ಅವರು ಕೊಟ್ಟ ಒಂದು ಉದಾಹರಣೆ: ಅತಿ ಹೆಚ್ಚು ರಂಜಕ ಕಳೆದುಕೊಳ್ಳುವ ಅರ್ಧದಷ್ಟು ಸಾಲುಬೆಳೆಯ ಭೂಮಿಯನ್ನು ಆರಿಸಿ, ಅಲ್ಲೆಲ್ಲ ಗೊಬ್ಬರವನ್ನು ಮೇಲೆ ಎರಚದೆ ಮಣ್ಣಿನೊಳಗೆ ಇಡುವುದು, ಚಳಿಗಾಲದಲ್ಲಿ ರೈ ಧಾನ್ಯವನ್ನು ಹೊದಿಕೆ ಬೆಳೆಯಾಗಿ ಬೆಳೆಯುವುದು, ಹಳ್ಳದ ಅಂಚಿಗೆ ಹುಲ್ಲಿನ ಪಟ್ಟೆ ಬಿಡುವುದು, ಮೂರನ್ನೂ ಒಟ್ಟಿಗೆ ಮಾಡುವುದು. ಯಾರು ಮುಂದೆ ಬರುತ್ತಾರೋ ಅವರಿಂದ, ಯಾವುದಾದರೊಂದು ಪದ್ಧತಿ, ಎಂಬ ಮನಬಂದಂತಹ ಸ್ವಯಂಪ್ರೇರಣೆಯಿಂದ ಶೇ. 40 ಬರುವುದಿಲ್ಲ. ಒಮ್ಮತ ಇಲ್ಲಿದೆ.

ಭಿನ್ನಮತ ಎಲ್ಲಿ? ಹೆಚ್ಚು ರಂಜಕ ಸೋರುವ ಜಾಗಗಳು ನಿರ್ದಿಷ್ಟವಾಗಿ ಯಾವುವು ಎಂಬ ಪ್ರಶ್ನೆ ಬಂದಾಗ ಈ ಕುಟುಂಬದ ಮಾದರಿಗಳು ಒಂದೊಂದೂ ಒಂದೊಂದು ನಕ್ಷೆ ತೋರಿಸುತ್ತವೆ. ಮುಂದಿನ ಅಧ್ಯಯನಗಳು ಇದನ್ನೇ ಕೈಗೆತ್ತಿಕೊಂಡು ಪರೀಕ್ಷಿಸಿದಾಗ ಒಪ್ಪಿಗೆ ಕಡಿಮೆಯೇ ಕಂಡಿತು. ಕಾರಣ ಗೂಢವೇನಲ್ಲ. ಐದೂ ಮಾದರಿಗಳನ್ನು ಮುಖ್ಯವಾಗಿ ನದಿಯ ಕೆಳತುದಿಯ ವಾಟರ್‌ವಿಲ್‌ನ ಅಳತೆಗೆ ಹೊಂದಿಸಲಾಗಿದೆ. ಅಲ್ಲಿ ಒಟ್ಟು ಮೊತ್ತ ಸರಿಬಂದರೆ ಸಾಕು. ಒಳಗೆ ಆ ರಂಜಕ ನೆಲದ ಮೇಲೆ ಹರಿದು ಬಂತೋ ಬಸಿಕೊಳವೆಯಲ್ಲಿ ಬಂತೋ ಎಂಬ ಹಂಚಿಕೆ ಒಂದೊಂದರಲ್ಲಿ ಒಂದೊಂದು ರೀತಿ ಇದ್ದರೂ ಮೊತ್ತ ಕೂಡಿಯೇ ಕೂಡುತ್ತದೆ. ಸ್ವಾಟ್ ಹೊಲವನ್ನು ಹೊಲವಾಗಿ ಕಾಣುವುದೂ ಇಲ್ಲ: ಒಂದೇ ಬಗೆಯ ಮಣ್ಣು, ಇಳಿಜಾರು, ಬೆಳೆ ಇರುವ ತುಂಡುಗಳನ್ನು ಒಂದು ಘಟಕವಾಗಿ ಸೇರಿಸಿ ಲೆಕ್ಕ ಮಾಡುತ್ತದೆ. ಮೇಲೆ ಹರಿಯುವ ನೀರೇ ಮುಖ್ಯವೆಂದು ಹೇಳುವ ಮಾದರಿಯಲ್ಲಿ ಹುಲ್ಲಿನ ಪಟ್ಟೆ ದೊಡ್ಡ ಔಷಧ. ಬಸಿಕೊಳವೆಯೇ ಮುಖ್ಯವೆಂದು ಹೇಳುವ ಮಾದರಿಯಲ್ಲಿ ಅದೇ ಪಟ್ಟೆಯ ಕೆಳಗಿನಿಂದ ಕೊಳವೆ ಸರಾಗವಾಗಿ ಹಾದುಹೋಗುತ್ತದೆ. ಇಂಥ ಕಡೆ ಐದರ ಸರಾಸರಿ ತೆಗೆದು ಹುಲ್ಲಿನ ಪಟ್ಟೆಗೆ ಒಂದು ಮಧ್ಯಮ ಅಂಕ ಕೊಟ್ಟರೆ, ಅದು ಯಾವ ಹೊಲಕ್ಕೂ ಸಲ್ಲದ ಅಂಕವಾಗುತ್ತದೆ.

ಇಲ್ಲಿಯೇ ಈ ವಿಧಾನದ ಮೇಲಿನ ಅತಿ ಗಟ್ಟಿ ಆಕ್ಷೇಪವನ್ನು ಎದುರಿಸಬೇಕು. ಐದು ಮಾದರಿಗಳೂ ಒಂದೇ ತಾಯಿಯ ಮಕ್ಕಳು. ಅವು ಒಪ್ಪಿದರೆ ಅದು ಐದು ಸಾಕ್ಷಿಗಳ ಒಪ್ಪಿಗೆಯೇ, ಅಥವಾ ಒಂದೇ ಸಾಕ್ಷಿಯ ಐದು ಪ್ರತಿಗಳೇ? ಆಕ್ಷೇಪ ನ್ಯಾಯವಾದದ್ದು. ಮಣ್ಣಿನಲ್ಲಿ ರಂಜಕ ಕರಗುವ ರಸಾಯನ ಕ್ರಿಯೆಯನ್ನು ಸ್ವಾಟ್ ತಪ್ಪಾಗಿ ಬರೆದಿದ್ದರೆ ಐದೂ ತಪ್ಪೇ. ಎರಡು ಕಾರಣಕ್ಕೆ ಈ ಆಕ್ಷೇಪ ವಿಧಾನವನ್ನು ಉರುಳಿಸುವುದಿಲ್ಲ. ಮೊದಲನೆಯದು, ಒಂದೇ ಕುಟುಂಬದ ಮಾದರಿಗಳ ಒಮ್ಮತವನ್ನು ಅನುಮಾನಿಸಬಹುದಾದಷ್ಟು ಅವುಗಳ ಭಿನ್ನಮತವನ್ನು ಅನುಮಾನಿಸಲಾಗದು. ತಂತ್ರಾಂಶ ಒಂದೇ ಆಗಿದ್ದೂ ನಕ್ಷೆಗಳು ಬೇರೆ ಬಂದರೆ, ಮೂಲದಲ್ಲೇ ಬೇರೆಯಾದ ಮಾದರಿಗಳನ್ನು ತಂದರೆ ವ್ಯತ್ಯಾಸ ಹೆಚ್ಚುವ ಸಂಭವವೇ ಜಾಸ್ತಿ. ಆದ್ದರಿಂದ ಯಾವ ಹೊಲ ಎಂಬ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ ಎಂಬ ತೀರ್ಮಾನ ಈ ಆಕ್ಷೇಪದಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನೆಯದು, ಒಮ್ಮತವನ್ನು ಹೊರಗಿನ ಸಾಕ್ಷ್ಯಕ್ಕೆ ಒಡ್ಡಿ ನೋಡಬಹುದು. ಅಂಥ ಸಾಕ್ಷ್ಯವನ್ನು 2019ರ ಮಳೆ ಒದಗಿಸಿತು.

ಆ ವಸಂತದಲ್ಲಿ ಬಿಡದೆ ಸುರಿದ ಮಳೆಗೆ ಮೌಮೀ ಬಯಲಿನ ಬಹಳಷ್ಟು ಹೊಲಗಳು ಬಿತ್ತನೆಯಾಗದೆ ಉಳಿದವು. ಬಿತ್ತದಿದ್ದಮೇಲೆ ಗೊಬ್ಬರವೂ ಬೀಳಲಿಲ್ಲ. ಯಾವ ಸರ್ಕಾರವೂ ಆದೇಶಿಸಲಾರದ ಪ್ರಯೋಗವೊಂದು ತಾನಾಗಿ ನಡೆದುಹೋಯಿತು. ಹಾಕಿದ ರಂಜಕ ಸುಮಾರು ಶೇ. 60ರಷ್ಟು ಇಳಿದಿದ್ದರೆ, ಅಷ್ಟು ನೀರು ಹರಿದ ವರ್ಷದಲ್ಲಿ ನಿರೀಕ್ಷಿಸಬಹುದಾಗಿದ್ದಕ್ಕಿಂತ ಕರಗಿದ ರಂಜಕ ಸುಮಾರು ಶೇ. 30ರಷ್ಟು ಮಾತ್ರ ಇಳಿಯಿತು. ಒಟ್ಟು ರಂಜಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇದನ್ನು ಎರಡು ದಿಕ್ಕಿನಿಂದ ಓದಬೇಕು. ಆ ವರ್ಷ ಹಾಕುವ ಗೊಬ್ಬರವೂ ಆ ವರ್ಷದ ಪಾಚಿಯ ಮೇಲೆ ಪ್ರಭಾವ ಬೀರುತ್ತದೆ, ಆದ್ದರಿಂದ ಗೊಬ್ಬರ ಹಾಕುವ ರೀತಿ ಬದಲಿಸುವುದು ವ್ಯರ್ಥವಲ್ಲ ಎಂಬುದು ಒಂದು. ಉಳಿದದ್ದು ದಶಕಗಳಿಂದ ಮಣ್ಣಿನಲ್ಲಿ ಕೂಡಿಟ್ಟ ಹಳೆಯ ದಾಸ್ತಾನು, ಅದು ಬೇಗ ಖಾಲಿಯಾಗುವುದಿಲ್ಲ ಎಂಬುದು ಇನ್ನೊಂದು. ಗೊಬ್ಬರವನ್ನೇ ನಿಲ್ಲಿಸಿದರೂ ಆ ದಾಸ್ತಾನು ಕರಗಲು ದಶಕಗಳು ಬೇಕೆಂದು ಸ್ವಾಟ್ ಆಧಾರದ 2016ರ ಅಧ್ಯಯನವೊಂದು ಮೊದಲೇ ಹೇಳಿತ್ತು. ಒಂದೇ ಪದ್ಧತಿ, ಅರ್ಧಂಬರ್ಧ ಜಾರಿ, ಇವುಗಳಿಂದ ಗುರಿ ದಕ್ಕದು ಎಂಬ ಮಾದರಿಗಳ ಒಮ್ಮತಕ್ಕೆ ಹೊಲ ಕೊಟ್ಟ ಸಮರ್ಥನೆ ಇದು.

ಇನ್ನೊಂದು ಆಕ್ಷೇಪ ರಾಜಕೀಯದ್ದು. ಭಿನ್ನಮತವನ್ನು ಬಹಿರಂಗವಾಗಿ ಹೇಳಿದರೆ, ವಿಜ್ಞಾನಿಗಳೇ ಒಪ್ಪಿಲ್ಲ, ಇನ್ನಷ್ಟು ಅಧ್ಯಯನವಾಗಲಿ ಎಂದು ಕಾಲ ತಳ್ಳುವವರಿಗೆ ಅಸ್ತ್ರ ಕೊಟ್ಟಂತಾಗುತ್ತದೆ. ಆದ್ದರಿಂದ ಜನರ ಮುಂದೆ ಒಂದೇ ಅಂಕಿ ಇಡಬೇಕು ಎನ್ನುವವರಿದ್ದಾರೆ. ಅಮೆರಿಕದ್ದೇ ಆದ ಚೆಸಪೀಕ್ ಕೊಲ್ಲಿಯಲ್ಲಿ ಈ ಎರಡನೆಯ ದಾರಿ ಹಿಡಿದದ್ದರ ಫಲ ಕಾಣಬಹುದು. 2010ರಲ್ಲಿ ಆರು ರಾಜ್ಯಗಳಿಗೂ ರಾಜಧಾನಿ ಪ್ರದೇಶಕ್ಕೂ ಅಲ್ಲಿ ಸಾರಜನಕ, ರಂಜಕ, ಹೂಳುಗಳ ಮಿತಿ ನಿಗದಿಯಾಯಿತು. ಆ ಕಾರ್ಯಕ್ರಮದ ಇತ್ತೀಚಿನ ಜಲಾನಯನ ಮಾದರಿಯೂ ಹಲವು ಮಾದರಿಗಳ ಸರಾಸರಿಯಿಂದ ಕಟ್ಟಿದ್ದೇ. ಆದರೆ ಸರಾಸರಿ ತೆಗೆದ ಮೇಲೆ ಅವುಗಳ ನಡುವಿನ ಅಂತರ ಆಡಳಿತದ ಕಣ್ಣಿನಿಂದ ಮರೆಯಾಯಿತು. ಇಷ್ಟು ಎಕರೆ ಹೊದಿಕೆ ಬೆಳೆಗೆ ಇಷ್ಟು ಕಿಲೊ ಜಮೆ ಎಂದು ಮಾದರಿಯೇ ಲೆಕ್ಕಪುಸ್ತಕವಾಯಿತು. ರಾಜ್ಯಗಳು ಆ ಪುಸ್ತಕದಲ್ಲಿ ಜಮೆ ತೋರಿಸುತ್ತ ಹೋದವು. 2023ರಲ್ಲಿ ಕಾರ್ಯಕ್ರಮದ ವೈಜ್ಞಾನಿಕ ಸಲಹಾ ಸಮಿತಿಯ ವರದಿಯೇ, ಹರಡಿದ ಮೂಲಗಳಿಂದ ನಿರೀಕ್ಷಿಸಿದಷ್ಟು ಇಳಿಕೆ ನೀರಿನಲ್ಲಿ ಕಾಣುತ್ತಿಲ್ಲ, ಈಗಿನ ಕ್ರಮಗಳು ಗುರಿಗೆ ಸಾಲವು ಎಂದಿತು. ಅಂಕಿಯ ಹಿಂದಿನ ಅನಿಶ್ಚಯವನ್ನು ಬಚ್ಚಿಟ್ಟರೆ ಕಾಲ ತಳ್ಳುವುದು ನಿಲ್ಲುವುದಿಲ್ಲ. ಕಾಲ ತಳ್ಳಿದ್ದು ಹದಿಮೂರು ವರ್ಷ ತಡವಾಗಿ ಗೊತ್ತಾಗುತ್ತದೆ, ಅಷ್ಟೆ.

ಈರಿಯಲ್ಲಿ ಆದದ್ದೂ ಹೆಚ್ಚುಕಡಿಮೆ ಇದರ ತಮ್ಮನೇ. 2015ರ ಜೂನಿನಲ್ಲಿ ಒಹಾಯೊ, ಮಿಷಿಗನ್, ಒಂಟಾರಿಯೊಗಳು 2020ಕ್ಕೆ ಶೇ. 20, 2025ಕ್ಕೆ ಶೇ. 40 ಎಂದು ಸಹಿ ಹಾಕಿದವು. ಒಹಾಯೊ ಅದೇ ವರ್ಷ ಹೆಪ್ಪುಗಟ್ಟಿದ ಅಥವಾ ನೀರು ತುಂಬಿದ ನೆಲದ ಮೇಲೆ ಗೊಬ್ಬರ ಎರಚುವುದನ್ನು ಸರೋವರದ ಪಶ್ಚಿಮ ಜಲಾನಯನದಲ್ಲಿ ನಿಷೇಧಿಸಿತು. 2019ರಲ್ಲಿ ಎಚ್‌2ಒಹಾಯೊ ಎಂಬ ಯೋಜನೆಯಡಿ ಮೊದಲ ಎರಡು ವರ್ಷಕ್ಕೆ 17.2 ಕೋಟಿ ಡಾಲರ್ ಇಟ್ಟು, ಇಚ್ಛೆಪಟ್ಟು ಮುಂದೆ ಬಂದ ರೈತರಿಗೆ ಸಹಾಯಧನ ಕೊಡತೊಡಗಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಮಾದರಿಗಳು ಶೇ. 40 ಎಂಬ ಅಂಕಿಯ ಜೊತೆಗೆ, 2017ರ ಹೊತ್ತಿಗೆ, ಒಂದು ಷರತ್ತನ್ನೂ ಹೇಳಿದವು: ಒಂದಕ್ಕಿಂತ ಹೆಚ್ಚು ಪದ್ಧತಿ, ಜಲಾನಯನದ ಉದ್ದಗಲಕ್ಕೂ. ಅಂಕಿ ಒಪ್ಪಂದದಲ್ಲಿತ್ತು, ಆಮೇಲೆ ಬಂದ ಷರತ್ತು ಹೊರಗೇ ಉಳಿಯಿತು. 2020ರ ಗುರಿ ತಪ್ಪಿತು, 2025ರದೂ ತಪ್ಪಿತು. 2023ರಲ್ಲಿ ಒಕ್ಕೂಟ ಸರ್ಕಾರದ ಒಪ್ಪಿಗೆ ಪಡೆದ ಒಹಾಯೊದ ಮೌಮೀ ಮಾಲಿನ್ಯ ಮಿತಿಯ ದಾಖಲೆ ಒಟ್ಟು ರಂಜಕಕ್ಕೆ ಮಾತ್ರ ಮಿತಿ ಹೇಳಿತು, ಕರಗಿದ ರಂಜಕಕ್ಕೆ ಪ್ರತ್ಯೇಕ ಮಿತಿ ಇಡಲಿಲ್ಲ. ಒಟ್ಟು ಮೊತ್ತದಲ್ಲಿ ಕರಗಿದ್ದೂ ಸೇರಿದೆ ಎಂಬುದು ಅದರ ಸಮರ್ಥನೆ. ಲೆಕ್ಕದ ದೃಷ್ಟಿಯಿಂದ ಅದು ಸರಿ. 1990ರ ದಶಕದ ಅನುಭವದ ದೃಷ್ಟಿಯಿಂದ ಸರಿಯಲ್ಲ, ಏಕೆಂದರೆ ಒಟ್ಟು ಮೊತ್ತ ನಿಂತಲ್ಲೇ ನಿಂತು ಕರಗಿದ್ದು ಮಾತ್ರ ಏರಿದ್ದರಿಂದಲೇ ಪಾಚಿ ಮರಳಿ ಬಂದದ್ದು.

ಹಾಗಾದರೆ ಮಾದರಿಗಳನ್ನೆಲ್ಲ ಪಕ್ಕಕ್ಕಿಟ್ಟು ನೇರವಾಗಿ ಕಾನೂನು ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಗೊಬ್ಬರವನ್ನು ಮಣ್ಣಿನೊಳಗೇ ಇಡಬೇಕೆಂದು ಎಲ್ಲರಿಗೂ ಕಡ್ಡಾಯ ಮಾಡಿದರೆ ಯಾವ ಹೊಲ ಎಂಬ ಪ್ರಶ್ನೆಯೇ ಏಳುವುದಿಲ್ಲ. ಈ ವಾದದಲ್ಲಿ ಹುರುಳಿದೆ. ಭಿನ್ನಮತ ಇರುವ ಕಡೆ ಆಯ್ಕೆಯ ಭಾರವನ್ನು ಮಾದರಿಯ ಮೇಲೆ ಹೊರಿಸದೆ ಸಾರ್ವತ್ರಿಕ ನಿಯಮ ತರುವುದು ನ್ಯಾಯವೂ ಹೌದು, ನೆರೆಹೊರೆಯ ರೈತರ ನಡುವೆ ತಾರತಮ್ಯವಾಗದಿರಲು ದಾರಿಯೂ ಹೌದು. ಆದರೆ ಯಾವ ಪದ್ಧತಿಗೆ ಇಂಥ ನಿಯಮ ತಕ್ಕದ್ದು ಎಂದು ಹೇಳುವುದೂ ಬಹುಮಾದರಿಯ ಕೆಲಸವೇ. ಗೊಬ್ಬರವನ್ನು ಒಳಗಿಡುವುದರಿಂದ ಮೇಲಿನ ಹರಿವಿಗೂ ಕೊಳವೆಯ ಹರಿವಿಗೂ ಸಿಗುವ ರಂಜಕ ಕಡಿಮೆಯಾಗುತ್ತದೆ. ಯಾವ ಮಾದರಿ ಸರಿ ಎಂದು ಗೊತ್ತಿಲ್ಲದೆಯೂ ಅದನ್ನು ಎಲ್ಲೆಡೆ ಬಯಸಬಹುದು. ಹುಲ್ಲಿನ ಪಟ್ಟೆಗೆ ಅದೇ ಮಾತು ಸಲ್ಲದು, ಅದರ ಫಲ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಮಾದರಿಗಳು ಒಪ್ಪುವ ಪದ್ಧತಿಗೆ ಸಾರ್ವತ್ರಿಕ ನಿಯಮ, ಒಪ್ಪದ ಪದ್ಧತಿಗೆ ಹೊಲದಂಚಿನಲ್ಲಿ ಅಳತೆ ಮಾಡಿದ ಮೇಲಷ್ಟೇ ಸಹಾಯಧನ: ಬಹುಮಾದರಿಯಿಂದ ನೀತಿ ಕಲಿಯಬೇಕಾದ ಪಾಠ ಸ್ಥೂಲವಾಗಿ ಇದು ಎಂದು ನನ್ನ ಅಭಿಪ್ರಾಯ.

ಕೊನೆಯದಾಗಿ ಭಿನ್ನಮತದ ಮೂಲದ ಬಗ್ಗೆ ಒಂದು ಮಾತು. ಮಾದರಿಗಳು ಬೇರೆಬೇರೆ ನಕ್ಷೆ ತೋರಿಸುವುದಕ್ಕೆ ನಿಸರ್ಗದ ಜಟಿಲತೆಯೊಂದೇ ಕಾರಣವಲ್ಲ. ಯಾವ ಹೊಲದಲ್ಲಿ ಎಷ್ಟು ಗೊಬ್ಬರ ಬಿತ್ತು, ಯಾವಾಗ ಬಿತ್ತು, ಬಸಿಕೊಳವೆ ಎಲ್ಲಿ ಹೂತಿದೆ, ಹಟ್ಟಿಯ ಸೆಗಣಿಗೊಬ್ಬರ ಎಲ್ಲಿಗೆ ಸಾಗಿತು ಎಂಬ ಮಾಹಿತಿಯಿಲ್ಲದೆ ಪ್ರತಿ ತಂಡವೂ ಕೌಂಟಿ ಮಟ್ಟದ ಒಟ್ಟು ಅಂಕಿಗಳನ್ನು ತನ್ನ ವಿವೇಚನೆಯಂತೆ ಹೊಲಗಳಿಗೆ ಹಂಚಿಕೊಳ್ಳುತ್ತದೆ. ಐದು ತಂಡ, ಐದು ಹಂಚಿಕೆ. ಸರ್ಕಾರದ ಯೋಜನೆಗಳಲ್ಲಿ ಸೇರಿದ ರೈತರ ಹೊಲವಾರು ವಿವರ ಕೃಷಿ ಇಲಾಖೆಯ ಕಡತಗಳಲ್ಲಿ ಇದೆ. ಅದನ್ನು ಹೊರಗೆ ಕೊಡಲು 2008ರ ಕೃಷಿ ಕಾಯ್ದೆಯ 1619ನೆಯ ಕಲಮು ಅಡ್ಡಬರುತ್ತದೆ. ರೈತರ ಖಾಸಗಿತನ ಕಾಪಾಡಬೇಕಾದದ್ದೇ. ಹೆಸರು, ಸರ್ವೆ ನಂಬರು ಅಳಿಸಿ, ಸಣ್ಣ ಹಳ್ಳದ ಮಟ್ಟಕ್ಕೆ ಕೂಡಿಸಿ ಕೊಟ್ಟರೂ ಮಾದರಿಗಳ ಅಂತರ ಎಷ್ಟೋ ಇಳಿಯುತ್ತದೆ. ಯಾವ ಹೊಲ ಎಂಬುದಕ್ಕೆ ವಿಜ್ಞಾನದ ಬಳಿ ಉತ್ತರವಿಲ್ಲ ಎಂದು ಶಾಸನಸಭೆಗಳಲ್ಲಿ ದೂರುವವರು, ಆ ಅಜ್ಞಾನದ ಒಂದು ಪಾಲನ್ನು ಶಾಸನವೇ ಕಟ್ಟಿಟ್ಟಿದೆ ಎಂಬುದನ್ನೂ ಗಮನಿಸಬೇಕು. ಆ ಕಲಮು ಇನ್ನೂ ಜಾರಿಯಲ್ಲಿದೆ.